ಟ್ರಯಂಫ್ ಟ್ವಿನ್ನಿನ ಟೈಮಿಂಗ್ ಗೇರ್ ಚುಕ್ಕೆ ಎರಡು ಸುತ್ತು ತಿರುಗಿಸಿದ್ರೆ ಕೂಡುದೇ ಇಲ್ಲ, ಯಾರಿಗಾದ್ರೂ ಗೊತ್ತುಂಟಾ?

ಕಟಪಾಡಿ_ಕಿಕ್ಕರ್:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗ್ತದೆ, ಚಾ ಕುಡಿತಾ ಓದಿ.

ಗಾಡಿ 1952ರ ಟ್ರಯಂಫ್ ಸ್ಪೀಡ್ ಟ್ವಿನ್, 5ಟಿ, ಎರಡು ಸಿಲಿಂಡರಿನ ಇಂಗ್ಲೆಂಡಿನ ಬೈಕು, ಪ್ಲಗ್ಗಿಗೆ ಕಿಡಿ ಕೊಡುದು ಮ್ಯಾಗ್ನೆಟೊ. ನಮ್ಮ ದೊಡ್ಡಪ್ಪ ಮೂಡಿಗೆರೆ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ರು, ಅಲ್ಲಿ ಧಣಿಗಳು ಓಡಿಸಿ ಬಿಟ್ಟ ಗಾಡಿ ಇವರ ಕೈಗೆ ಬಂತು, ಇವರು ಓಡಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ. ದೊಡ್ಡಪ್ಪ ಹೋದ ಮೇಲೆ ಲಾರಿಯಲ್ಲಿ ಘಾಟಿ ಇಳಿಸಿ ಕಟಪಾಡಿಗೆ ತಂದದ್ದು, ಆಮೇಲೆ ಹದಿನಾರು ವರ್ಷ ನಮ್ಮ ಹಿಂದಿನ ಮಾಡಿನ ಅಡಿಯಲ್ಲಿ ತೆಂಗಿನ ಸಿಪ್ಪೆ ಜೊತೆ ನಿಂತಿತ್ತು. ಕಡಲಿನ ಗಾಳಿಗೆ ಮಡ್‌ಗಾರ್ಡ್ ಹಪ್ಪಳ ಆಗಿದೆ ಆದ್ರೆ ಇಂಜಿನ್ ಒಳಗೆ ಎಣ್ಣೆ ಇದ್ದದ್ದಕ್ಕೆ ಅಷ್ಟೇನೂ ಹಾಳಾಗ್ಲಿಲ್ಲ.

ಈಗ ಇಂಜಿನ್ ಬೆಂಚಿನ ಮೇಲೆ ಉಂಟು. ಕ್ಯಾಮ್ ಬುಷ್ (ಕ್ಯಾಮ್ ಶಾಫ್ಟ್ ಕೂತು ತಿರುಗುವ ಬಳೆ) ಸವೆದಿತ್ತು ಅಂತ ಮಣಿಪಾಲದ ಒಂದು ಲೇತಿನಲ್ಲಿ ಹೊಸತು ಕಡೆಸಿ ಹಾಕಿ ಆಯ್ತು. ವಾಲ್ವ್ ತೆರೆಯುವ ಕ್ಯಾಮನ್ನು ಕ್ರ್ಯಾಂಕಿನ ಲೆಕ್ಕಕ್ಕೆ ಸರಿಯಾಗಿ ತಿರುಗಿಸುವ ಟೈಮಿಂಗ್ ಕಡೆ ನಾಲ್ಕು ಗೇರ್, ಕೆಳಗೆ ಕ್ರ್ಯಾಂಕಿಂದು ಸಣ್ಣದು (ಪಿನಿಯನ್), ನಡುವಲ್ಲಿ ಇಂಟರ್‌ಮೀಡಿಯೆಟ್, ಆಚೆ ಈಚೆ ಇನ್ಲೆಟ್ ಮತ್ತೆ ಎಕ್ಸಾಸ್ಟ್ ಕ್ಯಾಮ್ ವೀಲು. ಯಾವ ಹಲ್ಲು ಎಲ್ಲಿ ಕೂರ್ಬೇಕು ಅಂತ ಗೇರಿನ ಮೇಲೆ ಇರುವ ಗುರುತು, ಚುಕ್ಕೆಗೆ ಚುಕ್ಕೆ, ಗೀಟಿಗೆ ಗೀಟು ಎಲ್ಲ ಸರಿ ಕೂಡಿಸಿದೆ. ಫೋಟೋ ಕೂಡ ತೆಗ್ದೆ. ಆಮೇಲೆ ಒಮ್ಮೆ ಚೆಕ್ ಮಾಡುವಾ ಅಂತ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದ್ರೆ ಚುಕ್ಕೆ ಕೂಡುದಿಲ್ಲ! ಮೂರು ಹಲ್ಲು ಆಚೆ ಹೋಗಿ ನಿಲ್ತದೆ. ಪುನಃ ಬಿಚ್ಚಿದೆ, ಪುನಃ ಹಾಕಿದೆ, ಪುನಃ ಎರಡು ಸುತ್ತು, ಪುನಃ ಮೂರು ಹಲ್ಲು. ಹೀಗೆ ಮೂರು ಸಲ ಆಯ್ತು. ಮನೆಯಲ್ಲಿ ಅಮ್ಮ ಕೇಳಿದ್ರು ಇದು ಎಂತ ಹರಕೆಯಾ ಅಂತ.

ಗೇರನ್ನು ಶಾಫ್ಟಿಗೆ ಹಿಡಿದಿಡುವ ಕೀ ತುಂಡಾಗಿ ಪಿನಿಯನ್ ಜಾರ್ತಾ ಉಂಟಾ? ಅಥವಾ ಮೊದಲು ಯಾರೋ ಬೇರೆ ಗಾಡಿದು ಗೇರ್ ಹಾಕಿದ್ದಾರಾ? ಇಂಗ್ಲೆಂಡಿಂದ ತರಿಸುದಾದ್ರೆ ಗೇರಿಗಿಂತ ಕಸ್ಟಮ್ಸೇ ಹೆಚ್ಚು ಆಗ್ತದೆ ಅಂತ ಹೆದರಿಕೆ. ಮಂಡೆಬಿಸಿ ಆಗಿ ಎರಡು ದಿನದಿಂದ ಆ ಕಡೆ ಹೋಗ್ಲೇ ಇಲ್ಲ.

ಬಿಜೈ ಬುಲೆಟ್:

ಬ್ರೋ ಸಿಂಪಲ್. ಮೂರು ಹಲ್ಲು ಔಟ್ ಉಂಟು ಅಂತ ನೀವೇ ಹೇಳಿದ್ರಿ ಅಲ್ವಾ, ಹಾಗಾದ್ರೆ ಕ್ಯಾಮ್ ವೀಲ್ ಪುಲ್ಲರ್ ಹಾಕಿ ಎಳ್ದು ಮೂರು ಹಲ್ಲು ಹಿಂದೆ ಕೂರಿಸಿ, ಮುಗೀತು. ನನ್ನ 350 ಬುಲೆಟ್ಟಲ್ಲಿ (ಹಳೇ ಕಾಸ್ಟ್ ಐರನ್ ಇಂಜಿನ್) ಎರಡು ಸುತ್ತಿಗೆ ಸರೀ ಚುಕ್ಕೆಗೆ ಚುಕ್ಕೆ ಬಂದು ನಿಲ್ತದೆ, ಒಂದು ಕೂದಲು ಆಚೆ ಈಚೆ ಇಲ್ಲ. ನಾಲ್ಕು ಸ್ಟ್ರೋಕ್ ಅಂದ್ರೆ ನಾಲ್ಕು ಸ್ಟ್ರೋಕ್, ಟ್ರಯಂಫಾದ್ರೆ ಎಂತ ಎನ್‌ಫೀಲ್ಡಾದ್ರೆ ಎಂತ.

ಮಲ್ಪೆ ಡೀಸೆಲ್:

ನಿಲ್ಲಿ ನಿಲ್ಲಿ ನಿಲ್ಲಿ. ಕಟಪಾಡಿಯವ್ರೇ ದಯವಿಟ್ಟು ಆ ಪುಲ್ಲರ್ ಕೆಳಗಿಡಿ.

ನಾನು ಬೈಕಿನವ ಅಲ್ಲ, ಮಲ್ಪೆ ಬಂದರಲ್ಲಿ ಬೋಟಿನ ಇಂಜಿನ್ ಕೆಲಸ ಇಪ್ಪತ್ತೆರಡು ವರ್ಷ ಆಯ್ತು. ಐಡ್ಲರ್ ಗೇರ್ (ನಡುವಿನ ಗೇರ್) ಇರುವ ಇಂಜಿನಿನಲ್ಲಿ ಈ ಚುಕ್ಕೆ ಕಥೆ ನಮಗೆ ದಿನಾ ಇದ್ದದ್ದೇ. ಹೊಸ ಹುಡುಗ ಕೆಲಸಕ್ಕೆ ಸೇರಿದ್ರೆ ಮೊದಲ ವಾರದಲ್ಲೇ ಓಡಿ ಬರ್ತಾನೆ, ಅಣ್ಣಾ ಟೈಮಿಂಗ್ ಹೋಯ್ತು ಅಂತ. ಟೈಮಿಂಗ್ ಎಲ್ಲಿಗೂ ಹೋಗಿರುದಿಲ್ಲ, ನಡುವಿನ ಗೇರಿನ ಗುರುತು ಮಾತ್ರ ತಿರುಗ್ತಾ ಬೇರೆ ಕಡೆ ಹೋಗಿರ್ತದೆ. ಚುಕ್ಕೆ ಇರುದು ಜೋಡಿಸುವ ಹೊತ್ತಿಗೆ, ಓಡುವ ಹೊತ್ತಿಗೆ ಅಲ್ಲ.

ಒಂದು ಕೆಲಸ ಮಾಡಿ. ನಡುವಿನ ಗೇರ್ ಕಡೆ ನೋಡ್ಲೇ ಬೇಡಿ. ಕ್ರ್ಯಾಂಕ್ ಪಿನಿಯನ್ನಿನ ಚುಕ್ಕೆ ಮತ್ತೆ ಎರಡು ಕ್ಯಾಮ್ ವೀಲಿನ ಚುಕ್ಕೆ ಈಗ ಎಲ್ಲಿ ಉಂಟೋ ಅದರ ಎದುರು ಕೇಸಿಂಗಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ. ಎರಡು ಸುತ್ತು ತಿರುಗಿಸಿ. ಆ ಮೂರೂ ವಾಪಸ್ ಗೀಟಿಗೆ ಬಂದ್ರೆ ನಿಮ್ಮ ಇಂಜಿನಿಗೆ ಏನೂ ಆಗ್ಲಿಲ್ಲ, ಆದದ್ದು ನಿಮ್ಮ ಮಂಡೆಗೆ ಮಾತ್ರ.

ಲೆಕ್ಕದ ಮೇಷ್ಟ್ರು:

ಮಲ್ಪೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕುಂದಾಪುರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ರಿಟೈರ್ ಆದವ, ಗಾಡಿ ರಿಪೇರಿ ನನಗೆ ಬರುದಿಲ್ಲ ಆದ್ರೆ ಅಪ್ಪನ ಟ್ರಯಂಫ್ ಬಿಚ್ಚುವಾಗ ಟಾರ್ಚ್ ಹಿಡಿದು ಕೂತವ, ಹಲ್ಲು ಎಣಿಸುದು ಆಗಲೇ ನನ್ನ ಪಾಲಿಗೆ ಬಂದಿತ್ತು.

ಎಣಿಸಿ ನೋಡಿ. ಕ್ರ್ಯಾಂಕಿನ ಪಿನಿಯನ್ನಿಗೆ 25 ಹಲ್ಲು, ಕ್ಯಾಮ್ ವೀಲಿಗೆ 50, ನಡುವಿನದ್ದಕ್ಕೆ 47 ಇರಬೇಕು. 25ಕ್ಕೆ 50 ಅಂದ್ರೆ ಕ್ರ್ಯಾಂಕ್ ಎರಡು ಸುತ್ತಿದ್ರೆ ಕ್ಯಾಮ್ ಒಂದು ಸುತ್ತು, ಅದು ನಾಲ್ಕು ಸ್ಟ್ರೋಕಿನ ನಿಯಮ. ನಡುವಿನ ಗೇರಿಗೆ ಎಷ್ಟು ಹಲ್ಲಿದ್ರೂ ಈ ಲೆಕ್ಕಕ್ಕೆ ಬಾಧೆ ಇಲ್ಲ, ಅದು ಬಸ್ಸಿನಲ್ಲಿ ಚಿಲ್ಲರೆ ದಾಟಿಸುವವನ ಹಾಗೆ, ಇಲ್ಲಿ ತಗೊಂಡದ್ದನ್ನು ಅಲ್ಲಿಗೆ ಕೊಡ್ತದೆ ಅಷ್ಟೇ.

ಈಗ ನಿಮ್ಮ ಮೂರು ಹಲ್ಲು ಎಲ್ಲಿಂದ ಬಂತು ಅಂತ ನೋಡುವಾ. ಕ್ರ್ಯಾಂಕ್ ಎರಡು ಸುತ್ತು ಅಂದ್ರೆ 50 ಹಲ್ಲು ದಾಟಿತು. ನಡುವಿನದ್ದಕ್ಕೆ ಇರುದು 47. ಅಂದ್ರೆ ಅದು ಒಂದು ಪೂರ್ತಿ ಸುತ್ತು ಹಾಕಿ ಮೇಲೆ 3 ಹಲ್ಲು ಮುಂದೆ ಹೋಯ್ತು. ನೀವು ಪ್ರತಿ ಸಲ ಸರಿಯಾಗಿ ಮೂರೇ ಹಲ್ಲು ಅಂತ ಬರೆದದ್ದು ನೋಡಿ ನನಗೆ ನಗು ಬಂತು, ಕೀ ತುಂಡಾಗಿದ್ರೆ ಅಷ್ಟು ಪ್ರಾಮಾಣಿಕವಾಗಿ ಜಾರುದಿಲ್ಲ ಮಾರ್ರೆ.

ಹಾಗಾದ್ರೆ ಪುನಃ ಎಲ್ಲ ಚುಕ್ಕೆ ಒಟ್ಟಿಗೆ ಯಾವಾಗ ಕೂಡ್ತದೆ? 47 ಅವಿಭಾಜ್ಯ ಸಂಖ್ಯೆ, 50ಕ್ಕೂ ಅದಕ್ಕೂ ಸಾಮಾನ್ಯ ಅಪವರ್ತನ ಇಲ್ಲ, ಹಾಗಾಗಿ ಲಸಾಅ 47 ಗುಣಿಲೆ 50, ಅಂದ್ರೆ 2350 ಹಲ್ಲು. 25ರಿಂದ ಭಾಗಿಸಿ, 94. ಕ್ರ್ಯಾಂಕನ್ನು 94 ಸುತ್ತು ತಿರುಗಿಸಿದ್ರೆ ಒಮ್ಮೆ ಕೂಡ್ತದೆ, ಅಲ್ಲಿವರೆಗೆ ಇಲ್ಲ. ಹೀಗೆ ಬೇಕಂತಲೇ ಮಾಡುವ ಪದ್ಧತಿ ಉಂಟು, ಒಂದೇ ಹಲ್ಲು ಒಂದೇ ಹಲ್ಲಿಗೆ ದಿನಾ ಬಡಿದ್ರೆ ಅಲ್ಲೇ ಸವೆಯುತ್ತದೆ, ಹೀಗೆ ಜೋಡಿ ಬದಲಾಗ್ತಾ ಹೋದ್ರೆ ಸವೆತ ಎಲ್ಲ ಹಲ್ಲಿಗೂ ಹಂಚಿ ಹೋಗ್ತದೆ.

ಬಿಜೈಯವರ ಬುಲೆಟ್ಟಿನಲ್ಲಿ ಪಿನಿಯನ್ ನೇರ ಕ್ಯಾಮ್ ಗೇರಿಗೇ ಕಚ್ಚುದು, ನಡುವೆ ಬ್ರೋಕರ್ ಇಲ್ಲ, ಹಾಗಾಗಿ ಎರಡು ಸುತ್ತಿಗೆ ಕೂಡ್ತದೆ. ಅವರು ನೋಡಿದ್ದು ಸುಳ್ಳಲ್ಲ. ಆದ್ರೆ ಅವರು ಹೇಳಿದ ಹಾಗೆ ಕ್ಯಾಮ್ ವೀಲನ್ನು ಮೂರು ಹಲ್ಲು ಹಿಂದೆ ಹಾಕಿದ್ರೆ ಏನಾಗ್ತದೆ? ಪಿನಿಯನ್ನಿನ ಒಂದು ಹಲ್ಲು ಅಂದ್ರೆ 360 ಭಾಗಿಸು 25, 14.4 ಡಿಗ್ರಿ. ಮೂರು ಹಲ್ಲಿಗೆ 43.2 ಡಿಗ್ರಿ. ಪಿಸ್ಟನ್ ಮೇಲೆ ಬರುವಾಗ ವಾಲ್ವ್ ಇನ್ನೂ ಬಾಯಿ ತೆರ್ದು ಕೂತಿರ್ತದೆ.

ಕಟಪಾಡಿ_ಕಿಕ್ಕರ್:

ಮೇಷ್ಟ್ರೇ ನಿಮಗೆ ಸಾಷ್ಟಾಂಗ. ಈಗ ಹೋಗಿ ಎಣಿಸಿದೆ, 25, 47, 50, ಸರೀ ಉಂಟು. ಸೀಮೆಸುಣ್ಣದ ಗೀಟು ಹಾಕಿ ಎರಡು ಸುತ್ತು ತಿರುಗಿಸಿದೆ, ಮೂರು ಚುಕ್ಕೆಯೂ ವಾಪಸ್ ಗೀಟಿಗೆ ಬಂತು, ನಡುವಿನದ್ದು ಮಾತ್ರ ಅಲೆಮಾರಿ. ಮಲ್ಪೆ ಅಣ್ಣನಿಗೆ ಒಂದು ಗ್ಲಾಸ್ ಕಬ್ಬಿನ ಹಾಲು ಬಾಕಿ.

ಹಾಗಾದ್ರೆ ನಾನು ಮೂರು ಸಲ ಬಿಚ್ಚಿ ಹಾಕಿದ್ದು ಎಲ್ಲ ಒಂದೇ ಟೈಮಿಂಗಾ?? ಪ್ರತಿ ಸಲ ನಡುವಿನ ಗೇರ್ ಮಾತ್ರ ತೆಗ್ದು ಚುಕ್ಕೆಗೆ ತಿರುಗಿಸಿ ಹಾಕ್ತಾ ಇದ್ದೆ.

ಇನ್ನೊಂದು ಡೌಟ್. ಕ್ಯಾಮ್ ವೀಲಿನ ಒಳಗೆ ಕೀ ಕೂರುವ ಕಚ್ಚು (ಕೀವೇ) ಮೂರು ಉಂಟು, ಕ್ಯಾಮ್ ಶಾಫ್ಟಿನಲ್ಲಿ ಒಂದೇ. ಇದರಲ್ಲಿ ಯಾವುದು? ಬಿಚ್ಚುವಾಗ ಇನ್ಲೆಟ್ಟಿಂದು ಗುರುತು ಮಾಡಿದ್ದೆ, ಎಕ್ಸಾಸ್ಟಿಂದು ಮಾಡಿದ ನೆನಪಿಲ್ಲ.

ಹಳೇ ಪಾನ:

ಲೇಟಾಗಿ ಬಂದೆ, ಕಂಕನಾಡಿಯಲ್ಲಿ ಬೆಳಗಿಂದ ಕರೆಂಟಿಲ್ಲ. ಎರಡು ಪ್ರೀ ಯುನಿಟ್ (ಇಂಜಿನ್ ಬೇರೆ ಗೇರ್‌ಬಾಕ್ಸ್ ಬೇರೆ ಇರುವ ಹಳೇ ನಮೂನೆ) ಟ್ರಯಂಫ್ ಪೂರ್ತಿ ಮಾಡಿದ್ದೇನೆ, ಮೂರನೇದ್ದು ಡಬ್ಬಿಯಲ್ಲಿ ಉಂಟು, ಹಾಗಾಗಿ ಸ್ವಲ್ಪ ಕೊರೀತೇನೆ, ಬೇಜಾರಾಗ್ಬೇಡಿ.

ಹೌದು ನೀವು ಮೂರು ಸಲ ಮಾಡಿದ್ದೂ ಒಂದೇ ಟೈಮಿಂಗ್, ಕೈಗೆ ವ್ಯಾಯಾಮ ಆಯ್ತು ಅಷ್ಟೇ. ಆದ್ರೆ ನಿಮ್ಮ ಎರಡನೇ ಪ್ರಶ್ನೆಯೇ ನಿಜವಾಗಿ ಅಪಾಯದ್ದು, ಅದನ್ನು ನೀವು ಡೌಟ್ ಅಂತ ಸಣ್ಣದಾಗಿ ಕೇಳಿದ್ರಿ. ಆ ಮೂರು ಕೀವೇ ಇರುದು ಟೈಮಿಂಗನ್ನು ಚೂರು ಚೂರು ಸರಿಸ್ಲಿಕ್ಕೆ. 50 ಹಲ್ಲನ್ನು ಮೂರರಿಂದ ಭಾಗಿಸಿದ್ರೆ ಸಮ ಬರುದಿಲ್ಲ ಅಲ್ವಾ, ಹಾಗಾಗಿ ಪ್ರತಿ ಕೀವೇಗೆ ಹಲ್ಲಿನ ಜಾಗ ಮೂರನೇ ಒಂದು ಹಲ್ಲಿನಷ್ಟು ಬದಲಾಗ್ತದೆ, ಕ್ರ್ಯಾಂಕಿನ ಲೆಕ್ಕದಲ್ಲಿ 4.8 ಡಿಗ್ರಿ. ರೇಸಿನವರಿಗೆ ಅದು ದೊಡ್ಡ ಉಪಕಾರ. ನಮ್ಮಂಥವರಿಗೆ ಗುಂಡಿ. ಯಾಕಂದ್ರೆ ವೀಲಿನ ಮೇಲಿನ ಚುಕ್ಕೆ ಒಂದು ಕೀವೇಗೆ ಮಾತ್ರ ನಿಜ. ಬೇರೆ ಕೀವೇಗೆ ಹಾಕಿ ಅದೇ ಚುಕ್ಕೆ ಕೂಡಿಸಿದ್ರೆ ಗೇರ್ ನೋಡ್ಲಿಕ್ಕೆ ಪೊರ್ಲು ಉಂಟು, ಒಳಗೆ ಕ್ಯಾಮ್ ಶಾಫ್ಟ್ ಮಾತ್ರ ವೃತ್ತದ ಮೂರನೇ ಒಂದು ಭಾಗ ಆಚೆ ತಿರುಗಿ ಕೂತಿರ್ತದೆ. ಕಿಕ್ ಹೊಡ್ದ ಕೂಡ್ಲೇ ಪಿಸ್ಟನಿಗೂ ವಾಲ್ವಿಗೂ ಮುಖಾಮುಖಿ.

ಫೋಟೋ ತೆಗ್ದೆ ಅಂದ್ರಿ ಅಲ್ವಾ, ಬಿಚ್ಚುವ ಮೊದಲಿನ ಫೋಟೋ ಇದ್ರೆ ಹುಡುಕಿ. ಇಲ್ಲದಿದ್ರೆ ವೀಲನ್ನು ಸೀಮೆಎಣ್ಣೆಯಲ್ಲಿ ತೊಳ್ದು ಮೂರೂ ಕೀವೇ ಬೆಳಕಿಗೆ ಹಿಡಿದು ನೋಡಿ, ಎಪ್ಪತ್ತು ವರ್ಷ ಕೀ ಕೂತದ್ದರ ಗೋಡೆ ಹೊಳೀತದೆ, ಉಳಿದ ಎರಡರಲ್ಲಿ ಕಪ್ಪು ಹಾಗೇ ಇರ್ತದೆ. ಮತ್ತೆ ನಡುವಿನ ಗೇರಿನಲ್ಲಿ ಒಂದಕ್ಕಿಂತ ಹೆಚ್ಚು ಗುರುತು ಇರ್ಬಹುದು, ಅದು ಬೇರೆ ಬೇರೆ ಮಾಡಲಿಗೆ, ಎಲ್ಲವೂ ನಿಮ್ಮದಲ್ಲ.

ಇಷ್ಟೆಲ್ಲ ಆದ್ರೂ ನಾನು ಚುಕ್ಕೆಯನ್ನು ನಂಬುದಿಲ್ಲ, ವಾಲ್ವನ್ನು ಕೇಳ್ತೇನೆ. ಪ್ಲಗ್ ಎರಡೂ ತೆಗೀರಿ, ರಾಕರ್ (ವಾಲ್ವನ್ನು ಒತ್ತುವ ತೋಳು) ಬಾಕ್ಸಿನ ಕ್ಯಾಪ್ ತೆಗೀರಿ, ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡಿ. ನಿಧಾನ ಕೈಯಲ್ಲಿ ತಿರುಗಿಸಿ, ಎಲ್ಲಾದ್ರೂ ಗಟ್ಟಿ ಆಯ್ತೋ ಅಲ್ಲೇ ನಿಲ್ಲಿಸಿ, ಒತ್ತಡ ಹಾಕ್ಬೇಡಿ. ಇದು ಎರಡೂ ಪಿಸ್ಟನ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಇಂಜಿನ್. ಪಿಸ್ಟನ್ ಮೇಲೆ ಬಂದಾಗ ಒಂದು ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರಬೇಕು, ಇನ್ನೊಂದರದ್ದು ಎಕ್ಸಾಸ್ಟ್ ಮುಚ್ತಾ ಇನ್ಲೆಟ್ ತೆರೀತಾ ಎರಡೂ ಚೂರು ಚೂರು ಎದ್ದಿರಬೇಕು. ಆ ಜಾಗದಲ್ಲಿ ಕ್ರ್ಯಾಂಕನ್ನು ಹಿಂದೆ ಮುಂದೆ ಆಡಿಸಿದ್ರೆ ಒಂದು ರಾಕರ್ ಏಳ್ತದೆ ಇನ್ನೊಂದು ಇಳೀತದೆ, ತೂಗುಹಲಗೆಯ ಹಾಗೆ. ಕೀವೇ ತಪ್ಪಿದ್ರೆ ಇದು ಬರ್ಲಿಕ್ಕೇ ಇಲ್ಲ. ಒಂದು ಹಲ್ಲು ತಪ್ಪಿದ್ದು ಮಾತ್ರ ಕಣ್ಣಿಗೆ ಸುಲಭಕ್ಕೆ ಸಿಗುದಿಲ್ಲ, ಅದಕ್ಕೆ ಡಿಗ್ರಿ ಪ್ಲೇಟ್ ಬೇಕು, ಮಕ್ಕಳ ಕೋನಮಾಪಕ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡ್ಸಿ ರಟ್ಟಿಗೆ ಅಂಟಿಸಿದ್ರೂ ನಡೀತದೆ. ಟಿಡಿಸಿ (ಪಿಸ್ಟನ್ ತೀರಾ ಮೇಲೆ ಇರುವ ಜಾಗ) ಅಂದಾಜಲ್ಲಿ ಹಿಡೀಬೇಡಿ, ಅಲ್ಲಿ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದ್ರೂ ಪಿಸ್ಟನ್ ಅಲುಗಿದ್ದು ಗೊತ್ತೇ ಆಗುದಿಲ್ಲ. ಪ್ಲಗ್ ತೂತಿನಲ್ಲಿ ಸ್ಟಾಪರ್ ಹಾಕಿ, ಈ ಕಡೆಯಿಂದ ತಾಗುವಲ್ಲಿ ಒಂದು ಗುರುತು, ಆ ಕಡೆಯಿಂದ ತಾಗುವಲ್ಲಿ ಇನ್ನೊಂದು, ಸರೀ ನಡುವೆ ಟಿಡಿಸಿ.

ಮತ್ತೆ ಕೆಲವು ಮಾತು, ನೀವು ಕೇಳ್ಲಿಲ್ಲ ಆದ್ರೂ ಹೇಳ್ತೇನೆ. ಕ್ಯಾಮ್ ವೀಲಿನ ಎರಡು ನಟ್ಟು ಎಡಗೈ ಥ್ರೆಡ್, ಕ್ರ್ಯಾಂಕ್ ಪಿನಿಯನ್ನಿಂದು ಮಾಮೂಲಿ. ನೀವು ಬಿಚ್ಚಿ ಆಗಿದೆ ಅಂದ್ರೆ ಬಿಚ್ಚುವಾಗ ಗೊತ್ತಾಗಿರ್ತದೆ, ಬಿಗಿ ಮಾಡುವಾಗ ಮರೀಬೇಡಿ. ಇನ್ಲೆಟ್ ಕಡೆ ನಟ್ಟಿನ ಮೂತಿಯಲ್ಲಿ ನಡುವಿಂದ ಪಕ್ಕಕ್ಕೆ ಒಂದು ಪೆಗ್ ಉಂಟು ನೋಡಿ, ಆಯಿಲ್ ಪಂಪ್ ಓಡುದು ಅದರಿಂದ. ಎರಡು ನಟ್ಟು ಅದಲು ಬದಲು ಆದ್ರೆ ಪಂಪಿಗೆ ಜೀವ ಇಲ್ಲ. ಮೆಟ್ರಿಕ್ ಪಾನ ಹಾಕ್ಬೇಡಿ, ವಿಟ್ವರ್ತ್ (ಹಳೇ ಇಂಗ್ಲಿಷ್ ಅಳತೆಯ ಪಾನ) ಸೆಟ್ ಯಾರ ಹತ್ರವಾದ್ರೂ ಬೇಡಿ ತನ್ನಿ, ಮೂಲೆ ತಿಂದ ನಟ್ಟು ನೋಡಿದ್ರೆ ನನಗೆ ಊಟ ಸೇರುದಿಲ್ಲ.

ಟೈಮಿಂಗ್ ಕವರ್ ಒಳಗೆ ಕ್ರ್ಯಾಂಕಿನ ತುದಿ ಕೂರುವ ಒಂದು ಬುಷ್ ಉಂಟು. ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಬೇರಿಂಗ್) ಎಣ್ಣೆ ಹೋಗುದು ಅದರ ಮೂಲಕ. ಕ್ಯಾಮ್ ಬುಷ್ ಕಡೆಸುವಾಗ ಅದನ್ನು ನೋಡಿದ್ರಾ? ಅದು ಸಡಿಲ ಇದ್ರೆ ಪ್ರೆಷರ್ ಎಲ್ಲ ಅಲ್ಲೇ ಸೋರಿ ಹೋಗ್ತದೆ, ಬಿಗ್ ಎಂಡ್ ಒಣಗ್ತದೆ, ಟೈಮಿಂಗ್ ಎಷ್ಟು ಚಂದ ಇದ್ರೂ ಎಂತ ಪ್ರಯೋಜನ. ಕವರಿಗೆ ಕಾಗದದ ಪ್ಯಾಕಿಂಗ್ ಕತ್ತರಿಸಿ ಹಾಕುವ ಕೆಲಸ ಬೇಡ, ಅದು ಲೋಹಕ್ಕೆ ಲೋಹ ಕೂರುವ ಜಾಯಿಂಟ್, ತೆಳ್ಳಗೆ ಸೀಲೆಂಟ್ ಸಾಕು. ದಪ್ಪ ಮೆತ್ತಿದ್ರೆ ಹೆಚ್ಚಾದದ್ದು ಒಳಗೆ ಬಿದ್ದು ಎಣ್ಣೆ ದಾರಿಗೆ ಅಡ್ಡ ಬರ್ತದೆ. ನನ್ನ ಮೊದಲ ಗಾಡಿಗೆ ನಾನೇ ಹೀಗೆ ಮಾಡಿ ಒಂದು ಜೊತೆ ಬಿಗ್ ಎಂಡ್ ತಿಂದಿದ್ದೇನೆ, ಯಾರನ್ನೂ ಬಯ್ಯುವ ಹಾಗೂ ಇಲ್ಲ.

ಬಿಜೈ ಬುಲೆಟ್:

ಸಾರಿ ಮಾರ್ರೆ, ನನ್ನ ಮಾತು ಕೇಳಿದ್ರೆ ಒಂದು ಎಂಜಿನ್ ಹೋಗ್ತಿತ್ತು. ಪೋಸ್ಟ್ ಡಿಲೀಟ್ ಮಾಡುದಿಲ್ಲ, ಹಾಗೇ ಇರ್ಲಿ, ಮುಂದೆ ಯಾರಾದ್ರೂ ನನ್ನ ಹಾಗೆ ಯೋಚಿಸಿ ಬಂದ್ರೆ ಕೆಳಗಿನದ್ದೂ ಓದ್ತಾರೆ.

ಮೈಸೂರ್ ಹೊಗೆ:

ಇದಕ್ಕೇ ಹೇಳುದು ಹಳೇ ಟೂ ಸ್ಟ್ರೋಕ್ ಯೆಜ್ಡಿ ತಗೊಳ್ಳಿ ಅಂತ. ವಾಲ್ವೂ ಇಲ್ಲ ಕ್ಯಾಮೂ ಇಲ್ಲ ಚುಕ್ಕೆಯೂ ಇಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹೊಗೆ ಬಿಟ್ಟುಕೊಂಡು ಹೋಗ್ತಾ ಇರಿ.

ಮಲ್ಪೆ ಡೀಸೆಲ್:

ಹೊಗೆಯವ್ರೇ, ನಿಮ್ಮ ಹಿಂದೆ ಬರುವವರನ್ನೂ ಒಮ್ಮೆ ಕೇಳಿ.

ಕಟಪಾಡಿ_ಕಿಕ್ಕರ್:

ಅಪ್ಡೇಟ್, ಭಾನುವಾರ ಸಂಜೆ.

ಪಾನ ಅಣ್ಣ, ಕಾಲು ಎಲ್ಲಿದೆ ಹೇಳಿ. ಫೋಟೋದಲ್ಲಿ ಎಕ್ಸಾಸ್ಟ್ ಕೀವೇ ಕಾಣ್ತಾ ಇರ್ಲಿಲ್ಲ, ಆದ್ರೆ ವೀಲ್ ಎಳೆದು ತೊಳ್ದು ನೋಡಿದ್ರೆ ನೀವು ಹೇಳಿದ ಹಾಗೇ ಒಂದು ಕೀವೇ ಹೊಳೀತಾ ಉಂಟು, ಮತ್ತೆ ನಾನು ಹಾಕಿದ್ದು ಅದಕ್ಕಲ್ಲ!! ಪಕ್ಕದ್ದಕ್ಕೆ ಹಾಕಿ ಚುಕ್ಕೆ ಕೂಡಿಸಿ ಕೂತಿದ್ದೆ. ಕ್ಯಾಮಿಂದ ರಾಕರನ್ನು ತಳ್ಳುವ ಕಡ್ಡಿ, ಪುಷ್‌ರಾಡ್, ಇನ್ನೂ ಹಾಕಿರ್ಲಿಲ್ಲ, ಅದಕ್ಕೇ ಕೈಯಲ್ಲಿ ಸಲೀಸಾಗಿ ತಿರುಗ್ತಾ ಇದ್ದದ್ದು, ಇಲ್ಲದಿದ್ರೆ ಬೆಂಚಿನ ಮೇಲೇ ಗೊತ್ತಾಗ್ತಿತ್ತು. ಅಂದ್ರೆ ಮೂರು ದಿನ ತಪ್ಪಿಲ್ಲದ ಕಡೆ ತಪ್ಪು ಹುಡುಕ್ತಾ ಇದ್ದೆ, ತಪ್ಪಿದ್ದ ಕಡೆ ಫೋಟೋ ತೆಗೀತಾ ಇದ್ದೆ.

ಈಗ ಹೊಳೆಯುವ ಕೀವೇಗೆ ಹಾಕಿ, ಪುಷ್‌ರಾಡ್ ರಾಕರ್ ಎಲ್ಲ ಕೂರಿಸಿ, ಟ್ಯಾಪೆಟ್ ಸೆಟ್ ಮಾಡಿ ನೋಡಿದೆ, ತೂಗುಹಲಗೆ ಎರಡು ಸಿಲಿಂಡರಿನಲ್ಲೂ ಬಂತು. ಡಿಗ್ರಿ ಪ್ಲೇಟ್ ನಾಳೆ ಜೆರಾಕ್ಸಿಗೆ. ಕವರಿನ ಬುಷ್ ಬೆರಳು ಹಾಕಿದ್ರೆ ಗೊತ್ತಾಗುವಷ್ಟು ಸವೆದಿದೆ, ಅದೂ ಲೇತಿಗೆ ಹೋಗ್ಬೇಕು.

ಮತ್ತೆ ಮೇಷ್ಟ್ರಿಗೆ. ಅಕ್ಕನ ಮಗ ಎಂಟನೇ ಕ್ಲಾಸು, ಅವನಿಗೆ ಈ 94ರ ವಿಷಯ ಹೇಳಿದ್ದೇ ತಪ್ಪಾಯ್ತು, ನೋಡ್ಲೇಬೇಕು ಅಂತ ಹಟ. ಪ್ಲಗ್ ತೆಗ್ದೇ ಇತ್ತು. ಎಣಿಕೆ ತಪ್ಪದ ಹಾಗೆ ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಅಡಿಕೆಯಿಂದ 94 ಆರಿಸಿ ತಂದ, ನಾನು ಒಂದು ಸುತ್ತು ತಿರುಗಿಸಿದ್ರೆ ಅವ ಒಂದು ಅಡಿಕೆ ಬುಟ್ಟಿಗೆ ಹಾಕುದು. ಐವತ್ತರ ಹೊತ್ತಿಗೆ ನನ್ನ ರಟ್ಟೆ ಬಿದ್ದಿತ್ತು. ಕಡೇ ಅಡಿಕೆ ಬುಟ್ಟಿಗೆ ಬೀಳುವಾಗ ಎಲ್ಲ ಚುಕ್ಕೆ ಸರೀ ಎದುರು ಬದುರು ಬಂದು ನಿಂತಿತು, ಹುಡುಗ ಹೊಡೆದ ಬೊಬ್ಬೆಗೆ ಅಮ್ಮ ಒಳಗಿಂದ ಓಡಿ ಬಂದ್ರು, ಗಾಡಿ ಸ್ಟಾರ್ಟ್ ಆಯ್ತಾ ಅಂತ.

ಲೆಕ್ಕದ ಮೇಷ್ಟ್ರು:

ಹುಡುಗನಿಗೆ ಹೇಳಿ, ನಡುವಿನ ಗೇರಿಗೆ 47ರ ಬದಲು 45 ಹಲ್ಲು ಇದ್ದಿದ್ರೆ ಎಷ್ಟು ಅಡಿಕೆ ಬೇಕಿತ್ತು ಅಂತ ಲೆಕ್ಕ ಹಾಕ್ಲಿ. ನಿಮ್ಮ ರಟ್ಟೆ ಉಳೀತಿತ್ತು.

ಹಳೇ ಪಾನ:

ಮ್ಯಾಗ್ನೆಟೊ ಟೈಮಿಂಗಿಗೆ ಕೂರುವ ಮೊದಲು ಒಮ್ಮೆ ಬನ್ನಿ, ಅಡ್ವಾನ್ಸ್ ಯುನಿಟ್ (ಕಿಡಿಯ ಹೊತ್ತನ್ನು ಮುಂದೆ ತರುವ ಭಾಗ) ಪೂರ್ತಿ ತಿರುಗಿಸಿ ಬೆಣೆ ಕೊಟ್ಟು ಹಿಡಿದೇ ಸೆಟ್ ಮಾಡ್ಬೇಕು, ಅದನ್ನು ಬರೆದು ಹೇಳಿದ್ರೆ ತಲೆಗೆ ಹೋಗುದಿಲ್ಲ. ಯಾವ ಸಿಲಿಂಡರಿಗೆ ಕಂಪ್ರೆಶನ್ ಅಂತ ತಪ್ಪಿದ್ರೂ ಅದರಲ್ಲಿ ಹೆದರಿಕೆ ಇಲ್ಲ, ಪ್ಲಗ್ ವಯರ್ ಎರಡು ಅದಲು ಬದಲು ಮಾಡಿದ್ರೆ ಆಯ್ತು. ಬರುವಾಗ ಆ ಕವರ್ ತನ್ನಿ, ಬುಷ್ಷಿನ ಅಳತೆ ನನ್ನ ಮೈಕ್ರೋಮೀಟರಲ್ಲಿ ತಗೊಂಡೇ ಲೇತಿಗೆ ಕೊಡುವಾ.

ಕಟಪಾಡಿ_ಕಿಕ್ಕರ್:

ಬರ್ತೇನೆ ಅಣ್ಣ. ಹುಡುಗನೂ ಬರ್ತಾನಂತೆ. ಮೇಷ್ಟ್ರೇ, ಅವನ ಉತ್ತರ 18.